ನಮ್ಮ ತಲೆಯ ಮೇಲೆ ಬೀಳುವ ಗುಂಡುಗಳ ಕುರಿತು

ಮಾನ್ಯ ವ್ಯಾಯಾಮ ತರಬೇತುದಾರರೇ,

ತಮ್ಮ ಪಾದಗಳ ನೇರ ಕೆಳಗೆ, ಒಂದು ಚಾವಣಿಯಷ್ಟೇ ಅಂತರದಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿರುವ ನಾನು ತಲೆಬಾಗಿ ಮಾಡುವ ನಮಸ್ಕಾರಗಳು. ತಲೆ ಬಾಗಿರುವುದು ಗೌರವಕ್ಕೂ ಹೌದು, ಉದುರುವ ಸುಣ್ಣ ಕಣ್ಣಿಗೆ ಬೀಳದಿರಲಿ ಎಂದೂ ಹೌದು.

ತಾವು ಮಹಡಿಗೆ ಬಂದ ಮೇಲೆ ಈ ಬೀದಿಯ ಆರೋಗ್ಯ ಎಷ್ಟು ಸುಧಾರಿಸಿದೆ ಎಂದು ಹೊಗಳಲು ನನ್ನ ನಾಲಿಗೆ ಸಾಲದು. ಮೊದಲೆಲ್ಲ ಆಕಳಿಸುತ್ತಾ ಬಾಗಿಲು ತೆರೆಯುತ್ತಿದ್ದ ಜನ ಈಗ ಬಸ್ಕಿ ಹೊಡೆಯುತ್ತಾರೆ, ಕಪ್ಪೆಯಂತೆ ಕುಪ್ಪಳಿಸುತ್ತಾರೆ, ಬೋರಲು ಬಿದ್ದು ಹಲಗೆಯ ಹಾಗೆ ಸೆಟೆದು ನಡುಗುತ್ತಾರೆ, ಆಮೇಲೆ ಹಿಡಿಕೆಯಿರುವ ಆ ಕಬ್ಬಿಣದ ಗುಂಡನ್ನು, ತಾವು ಕೆಟಲ್‌ಬೆಲ್ ಎಂದು ಮುದ್ದಿನಿಂದ ಕರೆಯುವುದನ್ನು, ಕಾಲ ಸಂದಿಯಿಂದ ಎದೆಯವರೆಗೆ ತೂಗುತ್ತಾರೆ. ತಮ್ಮ ಸೀಟಿ ಕೇಳಿದೊಡನೆ ಎಲ್ಲರೂ ಮುಂದಿನ ಕಸರತ್ತಿನ ಮೂಲೆಗೆ ಓಡಬೇಕು. ಓಡುವ ಮೊದಲು ಗುಂಡು ಕೆಳಗಿಡಬೇಕಲ್ಲ, ತಮ್ಮ ಪ್ರತಿಭೆ ಇರುವುದೇ ಅಲ್ಲಿ. ಒಬ್ಬೊಬ್ಬರೇ ಮೆಲ್ಲಗಿಟ್ಟರೆ ಒಗ್ಗಟ್ಟು ಬರುವುದಿಲ್ಲವೆಂದು, ಗುಂಡು ಹಿಡಿದವರೆಲ್ಲ ಒಟ್ಟಿಗೇ ಧೊಪ್ಪನೆ ಕೈಬಿಡಬೇಕೆಂಬ ನಿಯಮ ಮಾಡಿದ್ದೀರಿ.

ಆ ಒಗ್ಗಟ್ಟು ಮೊದಲು ನನ್ನ ಕನ್ನಡಿಗೆ ತಲುಪುತ್ತದೆ, ಅಲ್ಲಿಂದ ಕುರ್ಚಿಗೆ, ಕುರ್ಚಿಯಿಂದ ಗಿರಾಕಿಯ ಗಲ್ಲಕ್ಕೆ. ಗಲ್ಲದ ಮೇಲೆ ನನ್ನ ಕತ್ತಿ ಇರುತ್ತದೆ.

ನಾನು ಹೊಂದಿಕೊಂಡು ಹೋಗುವ ಮನುಷ್ಯ. ತಮ್ಮ ಸೀಟಿ ಗಡಿಯಾರಕ್ಕಿಂತ ಕರಾರುವಾಕ್ಕಾದ್ದರಿಂದ ಅದನ್ನೇ ನಂಬಿ ಹೊಸದಾಗಿ ಕಸುಬು ಕಲಿತೆ: ಸೀಟಿಯ ಹೊತ್ತು ಹತ್ತಿರವಾದಂತೆ ಕತ್ತಿ ಎತ್ತುವುದು, ಗುಂಡು ಬಿದ್ದಾದ ಮೇಲೆ ಮತ್ತೆ ಗಲ್ಲಕ್ಕೆ ಇಳಿಯುವುದು. ಗಿರಾಕಿಗಳೂ ಪಾಪ, ಉಸಿರು ಬಿಗಿಹಿಡಿದು ಕೂರಲು ಕಲಿತರು. ಆದರೆ ಮೊನ್ನೆ ತಮ್ಮ ಶಿಷ್ಯನೊಬ್ಬ ಬೆವರುಗೈಯಿಂದ ಸೀಟಿಗೆ ಮೊದಲೇ ಗುಂಡು ಜಾರಿಸಿದ. ನನ್ನ ಅಪ್ಪನ ಕಾಲದಿಂದ ಇದೇ ಕುರ್ಚಿಯಲ್ಲಿ ಕೂರುತ್ತಿದ್ದ ಪೋಸ್ಟ್ ಮಾಸ್ತರರ ಎಡಮೀಸೆ ಹೋಯಿತು. ಅವರು ಕನ್ನಡಿ ನೋಡಿದರು, ಚಾವಣಿ ನೋಡಿದರು, ನನ್ನ ಹೆಗಲು ತಟ್ಟಿ, “ಮೀಸೆ ಮತ್ತೆ ಬರುತ್ತೆ ಕಣಯ್ಯ, ಕಿವಿ ಬರಲ್ಲ” ಎಂದವರೇ ಎದುರು ಸಾಲಿನ ಕ್ಷೌರದಂಗಡಿಗೆ ಹೋದರು. ಅವರ ಹಿಂದೆಯೇ ಹಳೆಯ ಗಿರಾಕಿಗಳೆಲ್ಲ ಹೊರಟರು. ಹೀಗೇ ನಡೆದರೆ ಅಪ್ಪನ ಕುರ್ಚಿಯಲ್ಲಿ ನಾನೇ ಕೂತು, ನನ್ನ ಗಡ್ಡವನ್ನೇ ಹೆರೆದುಕೊಂಡು, ಅಂಗಡಿಗೆ ಬೀಗ ಹಾಕಬೇಕು.

ನೆಲಕ್ಕೊಂದು ದಪ್ಪ ರಬ್ಬರ್ ಹಾಸು ಹಾಕಿಸಿ ಎಂದು ಕೈಮುಗಿದು ಕೇಳಿದ್ದೆ. “ಅಣ್ಣಾ, ಮೆತ್ತಗಿನ ನೆಲದಲ್ಲಿ ಮೆತ್ತಗಿನ ಜನಾನೇ ತಯಾರಾಗೋದು. ನೀವೂ ಮೇಲೆ ಬನ್ನಿ, ಕೈ ನಡುಗೋದು ನಿಲ್ಲುತ್ತೆ” ಎಂದಿರಿ. ನಡುಗುವುದು ನನ್ನ ಕೈಯಲ್ಲ, ಕಟ್ಟಡ ಎಂಬ ಸಣ್ಣ ವಿಷಯ ತಮ್ಮ ಭುಜಗಳ ಅಗಲವನ್ನು ದಾಟಿ ತಲೆಯವರೆಗೆ ಹೋಗಲಿಲ್ಲ. ಹಾಸಿನ ಮಾತಾಡಿ ಬಾ ಎಂದು ನಾನು ಮೇಲೆ ಕಳಿಸಿದ ನನ್ನ ಹೆಂಡತಿಯನ್ನೂ ತಾವು ಗುಂಪಿಗೆ ಸೇರಿಸಿಕೊಂಡಿರಿ. ಈಗ ಎಲ್ಲಕ್ಕಿಂತ ದೊಡ್ಡ ಸದ್ದು ಅವಳ ಗುಂಡಿನದು. ನನಗೆ ಗುರುತು ಸಿಗುತ್ತದೆ, ಮನೆಯಲ್ಲಿ ಪಾತ್ರೆ ಇಡುವುದೂ ಹಾಗೆಯೇ.

ಆದ್ದರಿಂದ ಹಾಸಿನಂಥ ಅಸಾಧ್ಯ ಕೋರಿಕೆಯನ್ನು ಬಿಟ್ಟು, ತಮ್ಮಂಥವರಿಗೆ ಸುಲಭವಾದುದನ್ನು ಬೇಡುತ್ತೇನೆ. ಹತ್ತಿಯಂತೆ ಇಳಿಯುವ ಶಿಸ್ತನ್ನು ಆ ಗುಂಡುಗಳಿಗೆ ಕಲಿಸಿ. ಅದಾಗದಿದ್ದರೆ ಭೂಮಿಯ ಸೆಳೆತಕ್ಕೆ ಬೆಳಗಿನ ಹೊತ್ತು ರಜೆ ಕೊಡಿಸಿ. ಅದೂ ಆಗದಿದ್ದರೆ ಈ ಬೀದಿಯ ಗಂಡಸರಿಗೆ ಗಡ್ಡವೇ ಬೆಳೆಯದಂತೆ ಒಂದು ಸೀಟಿ ಊದಿ. ತಮ್ಮ ಅಪ್ಪಣೆ ಮೀರುವ ಧೈರ್ಯ ಯಾವ ಕೂದಲಿಗಿದೆ?

ತಮ್ಮ ವಿಶ್ವಾಸಿ,
ತಮ್ಮ ಕಾಲಡಿಯ ಕ್ಷೌರಿಕ

ಮರೆತಿದ್ದ ಮಾತು: ಹೊಸ ಬೋರ್ಡಿಗೆ ಫೋಟೊ ತೆಗೆಸಬೇಕೆಂದೂ, ಅದಕ್ಕಾಗಿ ಭಾನುವಾರ ಬೆಳಗ್ಗೆ ಗಡ್ಡ ತೀಡಿಸಿಕೊಳ್ಳಲು ನನ್ನಲ್ಲಿಗೇ ಬರುವುದಾಗಿಯೂ ತಾವು ಹೇಳಿಕಳಿಸಿದ್ದೀರಿ. ಸಂತೋಷ, ಕುರ್ಚಿ ಒರೆಸಿಟ್ಟಿರುತ್ತೇನೆ. ಆ ಹೊತ್ತಿನಲ್ಲಿ ಮೇಲೆ ಸೀಟಿ ಊದುವ ಭಾಗ್ಯವನ್ನು ನನ್ನ ಹೆಂಡತಿಗೆ ವಹಿಸಿದ್ದೀರಂತೆ. ತಮ್ಮ ಸೀಟಿ ಯಾವಾಗ ಎಂಬುದು ನನಗೆ ಬಾಯಿಪಾಠ. ಅವಳದು ಯಾವಾಗ ಎಂಬುದು ಮದುವೆಯಾದಂದಿನಿಂದ ಇವತ್ತಿನವರೆಗೂ ಗೊತ್ತಾಗಿಲ್ಲ. ರಬ್ಬರ್ ಹಾಸು ಮಾರುವ ಅಂಗಡಿ ಶನಿವಾರ ಸಂಜೆಯವರೆಗೂ ತೆರೆದಿರುತ್ತದೆ.