ನಿಮ್ಮನೇಲಿ ಹಳೇ ಕಾಟನ್ ಸೀರೆ ಇದ್ಯಾ?

ನಮ್ಮ ದೊಡ್ಡಮ್ಮನ ಪಕ್ಕದಲ್ಲಿ ಕೂರುವ ಮೊದಲು ನಿಮ್ಮ ಸೆರಗನ್ನು ನೀವೇ ಭದ್ರವಾಗಿ ಹಿಡಿದುಕೊಳ್ಳುವುದು ಒಳ್ಳೆಯದು. ಅವರೇನು ಕಳ್ಳಿಯಲ್ಲ, ಛೆ ಛೆ! ಅವರಿಗೆ ಬೇಕಾದ್ದು ನಿಮ್ಮ ಸೆರಗಿನ ಅಂಚಿನಿಂದ ಒಂದೇ ಒಂದು ಎಳೆ ನೂಲು. ನಿಮ್ಮ ಸೊಂಟನೋವು, ನಿಮ್ಮ ಸೊಸೆಯ ಅಡುಗೆ ಎಲ್ಲ ವಿಚಾರಿಸಿಕೊಳ್ಳುತ್ತಲೇ ಆ ಎಳೆಯನ್ನು ಎಳೆದು, ಬ್ಯಾಗಿನಿಂದ ಬೆಂಕಿಪೊಟ್ಟಣ ತೆಗೆದು, ನಿಮ್ಮ ಕಣ್ಣೆದುರೇ ಸುಟ್ಟುಬಿಡುತ್ತಾರೆ. ಕಾಗದ ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಎರಡೂ ಅಲ್ಲದೆ, ಕರಗಿ ಸುರುಟಿಕೊಂಡು ತುದಿಯಲ್ಲಿ ಸಾಸಿವೆಯಷ್ಟು ಗಟ್ಟಿ ಗುಂಡು ಕಟ್ಟಿತೋ, ಮುಗೀತು ನಿಮ್ಮ ಕಥೆ! "ಪ್ಲಾಸ್ಟಿಕ್ ಉಟ್ಕೊಂಡಿದೀರಲ್ಲಮ್ಮಾ" ಎಂದು ಆ ಗುಂಡನ್ನು ನಿಮ್ಮ ಅಂಗೈ ಮೇಲಿಟ್ಟು ಎದ್ದು ಹೋಗುತ್ತಾರೆ.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ರಾಜಾಜಿನಗರದಲ್ಲಿ ದೊಡ್ಡಪ್ಪನ ಜೊತೆ ಇದ್ದಾರೆ. ಮಕ್ಕಳಿಲ್ಲ. ನಮ್ಮ ತಾತ ಬಿನ್ನಿಪೇಟೆಯ ಮಿಲ್ಲಿನಲ್ಲಿ ಬಟ್ಟೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದವರು. ಈ ನೂಲು ಸುಡುವ ವಿದ್ಯೆ ಅವರಿಂದ ಬಂದ ಪಿತ್ರಾರ್ಜಿತ. ಆಸ್ತಿ ಹಂಚುವಾಗ ಅಮ್ಮನ ಪಾಲಿಗೆ ತಾತನ ಸಿಟ್ಟು ಬಂತು, ದೊಡ್ಡಮ್ಮನ ಪಾಲಿಗೆ ಬೆಂಕಿಪೊಟ್ಟಣ ಬಂತು ಎಂದು ದೊಡ್ಡಪ್ಪ ಆಡಿಕೊಳ್ಳುತ್ತಾರೆ.

ಈ ಪರೀಕ್ಷೆಗೆ ಸಮಯ ಸಂದರ್ಭ ಅಂತ ಏನೂ ಇಲ್ಲ. ವಿಜಯನಗರದ ಚೌಲ್ಟ್ರಿಯಲ್ಲಿ ನನ್ನ ಮದುವೆ. ನನ್ನ ಅತ್ತೆ ಅಪ್ಪಟ ರೇಷ್ಮೆ ಎಂದು ಹೇಳಿಕೊಂಡು ಕೆಂಪು ಸೀರೆಯಲ್ಲಿ ಓಡಾಡುತ್ತಿದ್ದರು. ದೊಡ್ಡಮ್ಮ ಹೋಗಿ ಪಕ್ಕದಲ್ಲಿ ಕೂತರು. ನಾನು ಧಾರೆಯ ಮಂಟಪದಿಂದಲೇ ನೋಡಿದೆ. ಎದ್ದು ಓಡಿ ಹೋಗಿ ತಡೆಯೋಣವೆಂದರೆ ಅಷ್ಟರಲ್ಲಿ ನನ್ನ ಕೈ ಇನ್ನೊಬ್ಬರ ಕೈಯಲ್ಲಿತ್ತು! ಎರಡು ನಿಮಿಷದಲ್ಲಿ ಅತ್ತೆಯ ಅಂಗೈಯಲ್ಲಿ ಸಾಸಿವೆ ಗುಂಡು. "ಬೇಜಾರು ಮಾಡ್ಕೋಬೇಡಿ ಬೀಗಿತ್ತಿ, ಅಂಗಡಿಯವನು ಮೋಸ ಮಾಡಿದಾನೆ. ನಿಮ್ಮ ತಪ್ಪೇನಿಲ್ಲ" ಎಂದು ಸಮಾಧಾನ ಬೇರೆ. ಅತ್ತೆ ಅವತ್ತು ರಾತ್ರಿಯ ಆರತಕ್ಷತೆಯವರೆಗೆ ನಮ್ಮ ಕಡೆಯವರ ಮುಖ ನೋಡಲಿಲ್ಲ. ಈಗ ಮಾತ್ರ ಯಾವುದೇ ಸೀರೆ ಕೊಳ್ಳಲಿ, ಬಿಲ್ ಹಾಕಿಸುವ ಮೊದಲು ದೊಡ್ಡಮ್ಮನನ್ನು ಆಟೋದಲ್ಲಿ ಕರೆಸಿಕೊಳ್ಳುತ್ತಾರೆ.

ದೊಡ್ಡಮ್ಮನ ಇನ್ನೊಂದು ಹುಚ್ಚು ತುಂಡುಬಟ್ಟೆ. ಸಂಜೆಯಾದರೆ ಹತ್ತಿರದ ಲೇಡೀಸ್ ಟೈಲರ್ ಅಂಗಡಿಗಳಿಗೆ ಒಂದು ಸುತ್ತು ಹೋಗಿ, ಕತ್ತರಿಸಿ ಕೆಳಗೆ ಬಿದ್ದದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡು ಬರುತ್ತಾರೆ. ಮಸಿಬಟ್ಟೆ, ಕೈಚೀಲ, ಕಾಲೊರೆಸು, ಫ್ರಿಜ್ಜಿಗೊಂದು ಟೋಪಿ, ಮಿಕ್ಸಿಗೊಂದು ಕೋಟು! ಒಂದು ದಿನ ಟೈಲರ್ ಫೋನ್ ಮಾಡಿದ.

"ಆಂಟಿ, ಟೇಬಲ್ ಕೆಳಗೆ ಒಂದು ತೋಳು ಬಿದ್ದಿತ್ತು, ನೋಡಿದ್ರಾ?"

"ಎಂಥ ತೋಳಪ್ಪ?"

"ಹಸಿರು ಬ್ಲೌಸಿಂದು, ಆರಿ ವರ್ಕ್ ಮಾಡಿರೋದು. ನಾಳೆ ಮದುವೆ ಆಂಟಿ! ಮದುವೆ ಹುಡುಗಿಗೆ ಈಗ ಒಂದೇ ತೋಳಿರೋದು!"

ಅಷ್ಟು ಹೊತ್ತಿಗೆ ಆ ತೋಳು ಮಸಿಬಟ್ಟೆಯಾಗಿ, ಮುತ್ತು ಮಣಿಗಳ ಸಮೇತ, ದೊಡ್ಡಮ್ಮನ ಕುಕ್ಕರನ್ನು ಒಲೆಯಿಂದ ಇಳಿಸುತ್ತಿತ್ತು. ಪಾಪ, ದೊಡ್ಡಮ್ಮ ಗಡಿಬಿಡಿಯಲ್ಲಿ ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ತಾವೇ ಓಡಿ ಹೋಗಿ ಕೊಟ್ಟು ಬಂದರು. ಮಾರನೇ ದಿನ ಮದುವೆ ಹುಡುಗಿಯ ಬಲತೋಳಿನಿಂದ ಇಂಗಿನ ಒಗ್ಗರಣೆ ಘಮ್ಮೆನ್ನುತ್ತಿತ್ತಂತೆ. ಜನ ಊಟಕ್ಕೆ ಎಲೆ ಹಾಕಿದ್ದಾರೆಂದು ಬೇಗ ಬೇಗ ಅಕ್ಷತೆ ಹಾಕಿ ಕೆಳಗಿಳಿದರಂತೆ.

ಇಷ್ಟಕ್ಕೇ ನಿಂತಿದ್ದರೆ ದೊಡ್ಡಪ್ಪ ಬಚಾವಾಗುತ್ತಿದ್ದರು. ಎರಡು ವರ್ಷದ ಹಿಂದೆ ಪಾರ್ಕಿನ ವಾಕಿಂಗ್ ಗುಂಪಿನವರು ಯಾರೋ ಒಬ್ಬ ಮೇಡಂನ ಕರೆಸಿ ಭಾಷಣ ಮಾಡಿಸಿದರು. ಪಾಲಿಯೆಸ್ಟರ್, ನೈಲಾನ್ ಬಟ್ಟೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳು ಉದುರುತ್ತವೆ, ಅವೇ ಮೈಕ್ರೋಪ್ಲಾಸ್ಟಿಕ್ಕು, ಮೋರಿ ಹಿಡಿದು ನದಿಗೆ, ಮಣ್ಣಿಗೆ, ಮೀನಿಗೆ, ಕೊನೆಗೆ ನಮ್ಮ ಹೊಟ್ಟೆಗೇ ಬರುತ್ತವೆ ಎಂದು ಆಕೆ ಹೇಳಿದರಂತೆ. ಉಳಿದವರೆಲ್ಲ ಚಪ್ಪಾಳೆ ತಟ್ಟಿ ಇಡ್ಲಿ ತಿನ್ನಲು ಹೋದರು. ದೊಡ್ಡಮ್ಮ ಮನೆಗೆ ಬಂದವರೇ ದೊಡ್ಡಪ್ಪನ ಹಳೇ ಪಂಚೆ ಹರಿದು, ನಾಲ್ಕು ಮಡಿಕೆ ಮಾಡಿ ವಾಷಿಂಗ್ ಮೆಷಿನ್ನಿನ ನೀರು ಹೋಗುವ ಪೈಪಿನ ಬಾಯಿಗೆ ಕಟ್ಟಿದರು. ವಾರದ ಕೊನೆಗೆ ಅದರಲ್ಲಿ ಬೂದುಬಣ್ಣದ ಒಂದು ಹಿಡಿ ಜೂಲು ಸಿಕ್ಕಿತು. ಒಣಗಿಸಿ, ಉಪ್ಪಿನಕಾಯಿ ಬಾಟಲಿಗೆ ತುಂಬಿ ಶೋಕೇಸಿನಲ್ಲಿಟ್ಟರು.

"ಇದು ಪಂಚೆಗೆ ಸಿಕ್ಕಿದ್ದು. ಸಿಗದೇ ಜಾರಿ ಹೋಗಿದ್ದು ಎಷ್ಟೋ ಏನೋ! ಎಲ್ಲಾ ವೃಷಭಾವತಿ ಹೊಳೆ ಸೇರಿ ಕೆಂಗೇರಿ ದಾಟಿರತ್ತೆ. ಅಲ್ಲಿಂದ ಮುಂದಕ್ಕೆ ಆ ನೀರಲ್ಲೇ ಸೊಪ್ಪು ಬೆಳೀತಾರೆ. ನಿಮ್ಮ ಪ್ಯಾಂಟನ್ನ ನೀವೇ ಮಸ್ಸೊಪ್ಪು ಮಾಡಿಸ್ಕೊಂಡು ತಿಂತಾ ಇದೀರಿ, ಗೊತ್ತಾ?" ಎಂದು ದೊಡ್ಡಪ್ಪನಿಗೆ ಊಟದ ಹೊತ್ತಲ್ಲೇ ಉಪದೇಶ. ಬಂದ ನೆಂಟರು ಬಾಟಲಿ ನೋಡಿ ಏನೆಂದು ಕೇಳಿದರೆ ದೊಡ್ಡಪ್ಪ ಗಂಭೀರವಾಗಿ, "ನನ್ನ ಪ್ಯಾಂಟಿನ ಅಸ್ಥಿ. ಇನ್ನೂ ವಿಸರ್ಜನೆ ಆಗಿಲ್ಲ" ಎನ್ನುತ್ತಿದ್ದರು.

ಅವತ್ತಿನಿಂದ ಮನೆಯಲ್ಲಿ ತುಂಡುಬಟ್ಟೆಗೆ ಎರಡು ಮೂಟೆ. ಒಂದರಲ್ಲಿ ಹತ್ತಿ, ಅದರಲ್ಲಿ ಹೊಲಿದದ್ದನ್ನು ಒಗೆಯಬಹುದು. ಇನ್ನೊಂದರಲ್ಲಿ ಪ್ಲಾಸ್ಟಿಕ್ ಬಟ್ಟೆ, ಅದಕ್ಕೆ ನೀರು ಸೋಕಿಸುವಂತಿಲ್ಲ. ದಿಂಬಿನೊಳಕ್ಕೆ, ಕುರ್ಚಿಯ ಮೆತ್ತೆಯೊಳಕ್ಕೆ ತುಂಬಿ ಹೊಲಿದುಬಿಡಬೇಕು. ಈ ಕಾನೂನಿನಲ್ಲಿ ದೊಡ್ಡಪ್ಪನ ಟೆರಿಕಾಟ್ ಪ್ಯಾಂಟುಗಳೂ ಸಿಕ್ಕಿಬಿದ್ದವು. ತಿಂಗಳಿಗೆ ಒಂದೇ ಸಲ ಒಗೆತ!

"ವಾಸನೆ ಬರ್ತಾ ಇದೆ ಕಣೇ."

"ಬಿಸಿಲಿಗೆ ಹಾಕಿ."

"ಪ್ಯಾಂಟನ್ನೋ, ನನ್ನನ್ನೋ?"

"ಇಬ್ಬರನ್ನೂ."

ಇಂಥ ದೊಡ್ಡಮ್ಮನಿಗೆ ನಾನು ಬಸುರಿ ಎಂಬ ಸುದ್ದಿ ಮುಟ್ಟಿತು. ಮದುವೆಯಾಗಿ ಎಂಟು ವರ್ಷದ ಮೇಲೆ! ಎಂಟು ವರ್ಷ ನಾನು ಹೋಗದ ಆಸ್ಪತ್ರೆಯಿಲ್ಲ, ತಪ್ಪಿಸಿಕೊಳ್ಳದ ನಾಮಕರಣವಿಲ್ಲ. ದೊಡ್ಡಮ್ಮ ನನ್ನ ಗಲ್ಲ ಹಿಡಿದು ಕೇಳಿದ ಮೊದಲ ಪ್ರಶ್ನೆ, "ಮಗೂಗೆ ಸುತ್ತೋಕೆ ಹಳೇ ಬಟ್ಟೆ ಎಲ್ಲಿದೆ?"

ನಮ್ಮಲ್ಲಿ ಹುಟ್ಟಿದ ಮಗುವಿಗೆ ನಾಮಕರಣದವರೆಗೆ ಹೊಸ ಬಟ್ಟೆ ಹಾಕುವುದಿಲ್ಲ. ಉಟ್ಟು, ಒಗೆದು, ಹಾಲಿನ ಕೆನೆಯಂತಾದ ಹಳೇ ಹತ್ತಿ ಸೀರೆಯಲ್ಲೇ ಸುತ್ತಬೇಕು. ಸರಿ, ಅದಕ್ಕೇನು ಬರ? ಹಾಗೆಂದುಕೊಂಡು ನನ್ನ ಬೀರು ತೆಗೆದರೆ ಲೆಗ್ಗಿಂಗ್ಸು, ನೈಟಿ, ಜಾರ್ಜೆಟ್ಟು. ಅಮ್ಮನ ಬೀರು ತೆಗೆದರೆ ಇನ್ನೂ ಚೆಂದ! ಅಮ್ಮ ಮೂವತ್ತು ವರ್ಷ ಟೀಚರ್ ಆಗಿದ್ದವಳು. ಗಂಜಿ, ಇಸ್ತ್ರಿ ಅಂತ ಕೂರಲು ಅವಳಿಗೆ ಪುರುಸೊತ್ತೆಲ್ಲಿತ್ತು? ದೊಡ್ಡಮ್ಮ ಒಂದೊಂದೇ ಎಳೆ ಸುಡುತ್ತಾ ಹೋದರು. ಗುಂಡು. ಗುಂಡು. ಇನ್ನೊಂದು ಗುಂಡು.

"ಅಕ್ಕ, ಸಾಕು ಬಿಡು, ಮನೆಯೆಲ್ಲ ಹೊಗೆ" ಎಂದಳು ಅಮ್ಮ.

"ಒಂದು ಕೂಸಿಗೆ ಆಗೋಷ್ಟು ಹತ್ತಿ ಇಲ್ವಲ್ಲೇ ನಿನ್ನ ಮನೇಲಿ!" ಎನ್ನುತ್ತಾ ದೊಡ್ಡಮ್ಮ ಅತ್ತೇಬಿಟ್ಟರು. ಅಷ್ಟು ಸಣ್ಣ ವಿಷಯಕ್ಕೆ ಅಳುವುದೇ ಎಂದು ನಾವಿಬ್ಬರೂ ನಕ್ಕೆವು.

ಮರುದಿನದಿಂದ ದೊಡ್ಡಮ್ಮ ಕೈಚೀಲ ಹಿಡಿದು ಹೊರಟರು. ಬಸವೇಶ್ವರನಗರ, ಲಗ್ಗೆರೆ, ಹೆಗ್ಗನಹಳ್ಳಿ. ಗೊತ್ತಿದ್ದವರು, ಗೊತ್ತಿಲ್ಲದವರು, ಎಲ್ಲರ ಬಾಗಿಲಲ್ಲೂ ಒಂದೇ ಮಾತು: "ನಿಮ್ಮನೇಲಿ ಹಳೇ ಕಾಟನ್ ಸೀರೆ ಇದ್ಯಾ?" ಜೊತೆಗೊಂದು ಷರತ್ತು, ಸೀರೆ ಮಕ್ಕಳೊಂದಿಗರು ಉಟ್ಟದ್ದೇ ಆಗಬೇಕು. ಹೆಗ್ಗನಹಳ್ಳಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬಾಕೆ, ಗಾರ್ಮೆಂಟ್ಸಿಗೆ ಹೋಗುವವಳು, ಇವರನ್ನು ಒಳಗೆ ಕೂರಿಸಿ ರೊಟ್ಟಿ ಪಲ್ಯ ಹಾಕಿದಳಂತೆ. "ನಮ್ಮ ಹಳೆ ಸೀರಿ ಎಲ್ಲಾ ಕೌದಿ ಹೊಲಿಯಾಕ ಹೋಗ್ಯಾವ್ರಿ ಯವ್ವಾ. ಅಲ್ರೀ, ಇಷ್ಟ ವಯಸ್ಸಿನಾಗ ಹಿಂಗ ಅಡ್ಡಾಡ್ತೀರಿ, ಮಕ್ಕಳು ನೋಡ್ಕೊಳ್ಳಂಗಿಲ್ಲೇನು?" ಎಂದು ಕೇಳಿದಳಂತೆ. ದೊಡ್ಡಮ್ಮ ಇದನ್ನು ನಗುನಗುತ್ತಲೇ ನನಗೆ ಹೇಳಿದರು.

"ಅದಕ್ಕೆ ಏನಂದ್ರಿ?"

"ಏನನ್ನೋದು? ಒಬ್ಬಳೇ ಮಗಳು, ಬಸವೇಶ್ವರನಗರದಲ್ಲಿದಾಳೆ, ಈಗ ಬಸುರಿ ಅಂದೆ. ರೊಟ್ಟಿ ಚೆನ್ನಾಗಿತ್ತು ಕಣೇ."

ಎಂಟು ತಿಂಗಳು ತುಂಬಿತು. ಅಷ್ಟು ಅಲೆದರೂ ಕೈಗೆ ಬಂದದ್ದು ಎರಡು ತುಂಡು, ಕರ್ಚೀಫಿಗಿಂತ ಸ್ವಲ್ಪ ದೊಡ್ಡವು. ದೊಡ್ಡಮ್ಮ ಸೊರಗಿ ಹೋಗಿದ್ದರು. ಒಂದು ಮಧ್ಯಾಹ್ನ ಅಮ್ಮನ ಜೊತೆ ಅವರ ಮನೆಗೆ ಹೋದೆ. ಮುಖ ತೊಳೆದು ಟವೆಲ್ಲಿಗಾಗಿ ಅವರ ಬೀರು ತೆಗೆದೆ. ಅಯ್ಯೋ ನನ್ನ ದಡ್ಡ ತಲೆಯೇ! ಸಾಲಾಗಿ ಜೋಡಿಸಿದ ಹತ್ತಿ ಸೀರೆಗಳು. ಇಪ್ಪತ್ತು, ಮೂವತ್ತು ವರ್ಷ ಉಟ್ಟು ಒಗೆದವು. ನೀಲಿಯದೊಂದನ್ನು ಕೆನ್ನೆಗಿಟ್ಟುಕೊಂಡರೆ ಇದೆಯೋ ಇಲ್ಲವೋ ಎನ್ನುವಷ್ಟು ಮೆತ್ತಗೆ. ದಿನಾ ಇವನ್ನು ಉಟ್ಟೇ ಅವರು ಊರೆಲ್ಲ ತಿರುಗಿದ್ದು!

"ಏನ್ ದೊಡ್ಡಮ್ಮ, ಇಷ್ಟೊಂದು ಇಟ್ಕೊಂಡು ಕಂಡಕಂಡವರ ಮನೆ ಬಾಗಿಲು ತಟ್ಟಿದ್ರಾ? ನಿಮ್ಮ ಸೀರೆ ಕೊಡೋಕೆ ಇಷ್ಟು ಜಿಪುಣತನಾನಾ?" ನಾನು ತಮಾಷೆಗೆ ಕೇಳಿದೆ.

ದೊಡ್ಡಮ್ಮ ಬಂದು ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚತೊಡಗಿದರು. ಅಮ್ಮ ತಲೆ ತಗ್ಗಿಸಿದಳು. ಯಾವಾಗಲೂ ಏನಾದರೊಂದು ಕೊಂಕು ಆಡುವ ದೊಡ್ಡಪ್ಪ ಪೇಪರ್ ಕೆಳಗಿಟ್ಟು ಮೆಲ್ಲಗೆ ಹೇಳಿದರು. "ನೀನು ಹುಟ್ಟಿದಾಗ ಇವಳು ಎರಡು ಸೀರೆ ಹರಿದು, ಅಂಚೆಲ್ಲ ಹೊಲಿದು, ಡಬ್ಬಿಯಲ್ಲಿಟ್ಕೊಂಡು ಬಂದಿದ್ದಳಮ್ಮ. ನಿಮ್ಮಪ್ಪನ ತಾಯಿ ಬಾಗಿಲಲ್ಲೇ ವಾಪಸ್ ಕೊಟ್ಟರು. ಮಡಿಲು ತುಂಬದವಳ ಸೀರೆ ಎಳೆಕೂಸಿಗೆ ಬೇಡ ಅಂದ್ರು."

"ನಾನು ಅಲ್ಲೇ ಮಲಗಿದ್ದೆ ಕಣೇ" ಎಂದಳು ಅಮ್ಮ. "ಒಂದು ಮಾತು ಆಡಲಿಲ್ಲ. ನನಗೆ ಆಗ ಅತ್ತೆ ಮುಂದೆ ಬಾಯಿ ಇರಲಿಲ್ಲ."

ಇಷ್ಟು ವರ್ಷ ನಾನು ನಗುನಗುತ್ತ ಊರಿಗೆಲ್ಲ ಕಥೆ ಕಟ್ಟಿ ಹೇಳಿದ ದೊಡ್ಡಮ್ಮ ಇವರೇ. ನೀಲಿ ಸೀರೆಯನ್ನು ಮತ್ತೆ ಅವರ ಕೈಯಿಂದ ಎಳೆದುಕೊಂಡೆ. "ಇದನ್ನೇ ಹರೀರಿ."

"ಬೇಡ ಕಣೇ. ಎಂಟು ವರ್ಷ ಕಾದಿದೀಯ. ನಂದು ಯಾಕೆ ಸುಮ್ನೆ? ಇನ್ನೂ ನಾಲ್ಕು ಮನೆ ನೋಡ್ತೀನಿ."

"ದೊಡ್ಡಮ್ಮ, ಆ ಎಂಟು ವರ್ಷ ನಾನೂ ಮಡಿಲು ತುಂಬದವಳೇ ಅಲ್ವಾ? ಈ ಮಗು ನನ್ನ ಮೈಯೊಳಗೇ ಬೆಳೀತಾ ಇದೆ. ಅದಕ್ಕೇನಾದ್ರೂ ಆಯ್ತಾ?"

ಅವರು ನನ್ನ ಮುಖವನ್ನೇ ನೋಡಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸೀರೆಯ ಒಂದು ತುದಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊಳ್ರೀ" ಎಂದರು. ಅವತ್ತು ಸಂಜೆಯವರೆಗೆ ನಾವು ನಾಲ್ವರೂ ಕೂತು ಅಂಚು ಮಡಚಿ ಹೊಲಿದೆವು.

ಹೆರಿಗೆಯಾದ ಬೆಳಿಗ್ಗೆ ಬಾಗಿಲಾಚೆ ನಡೆದದ್ದನ್ನು ನಾನು ನೋಡಲಿಲ್ಲ, ಆಮೇಲೆ ನನ್ನ ಗಂಡ ಹೇಳಿದ್ದು. ನರ್ಸ್ ಹೊರಗೆ ಬಂದು, "ಹೆಣ್ಣು ಮಗು. ಸುತ್ತೋಕೆ ಬಟ್ಟೆ ಯಾರ ಹತ್ರ ಇದೆ, ಬೇಗ ಕೊಡಿ" ಎಂದಳಂತೆ. ಎಲ್ಲರಿಗಿಂತ ಹಿಂದೆ ಗೋಡೆಗೊರಗಿ ನಿಂತಿದ್ದ ದೊಡ್ಡಮ್ಮ ಚೀಲವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಮುಂದೆ ಬಂದು, ನನ್ನ ಅತ್ತೆಯ ಮುಖ ನೋಡಿ, ಅಲ್ಲೇ ನಿಂತುಬಿಟ್ಟರಂತೆ.

"ನೀವು ಮಗೂಗೆ ಏನಾಗಬೇಕು?" ನರ್ಸ್ ಕೇಳಿದಳು.

ಅಮ್ಮ ದೊಡ್ಡಮ್ಮನ ಬೆನ್ನ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳಂತೆ, "ಇವರೇ ಅಜ್ಜಿ. ಹೋಗಕ್ಕ, ನೀನೇ ಸುತ್ತಿ ಎತ್ಕೊಂಡು ಬಾ."