ಜೋಡಿ ಬಿಲ್ಲೆ

ಊರ ಯಜಮಾನನ ಸಭೆಗೆ ಹೊರಡುವ ಹೊತ್ತಿಗೇ ಸೀಬರ್ಟನ ಹೊದಿಕೆಯ ಪಿನ್ನು ಮುರಿಯಬೇಕೆ? ಹೆಂಡತಿ ಲುಫು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ತವರುಮನೆಯ, ಭುಜಕ್ಕೊಂದರಂತೆ ನಿಲುವಂಗಿಗೆ ಸಿಕ್ಕಿಸುವ ಎರಡು ಕಂಚಿನ ಪಿನ್ನು-ಬಿಲ್ಲೆಗಳಲ್ಲಿ ಒಂದನ್ನು ಎಗರಿಸಿ, ಭುಜಕ್ಕೆ ಸಿಕ್ಕಿಸಿಕೊಂಡು ಓಡಿದ. ಸಭೆ ಮುಗಿದ ಮೇಲೆ ಭುಜ ಮುಟ್ಟಿ ನೋಡಿದರೆ ಬಿಲ್ಲೆಯೇ ಇಲ್ಲ!

ಸಂಜೆಗೆ ಲುಫುವಿನ ತಮ್ಮನ ಮದುವೆ. ಒಂದೇ ಬಿಲ್ಲೆಯಾದರೆ ನಿಲುವಂಗಿ ಇನ್ನೊಂದು ಭುಜದಿಂದ ಜಾರಿ, ಬಿಲ್ಲೆಗಳ ನಡುವೆ ಕಟ್ಟುವ ಮಣಿಸರ ಕಿತ್ತುಹೋದ ಬೇಲಿಯಂತೆ ನೇತಾಡುತ್ತದೆ. ಬೀಗರೆದುರು ಹಾಗೆ ನಿಲ್ಲಬೇಕಾಗಿ ಬಂದರೆ ಲುಫು ಅವನನ್ನು ಉಳಿಸುತ್ತಾಳೆಯೇ?

ಹೊದಿಕೆ ಜಾರದಂತೆ ಭುಜ ಹಿಡಿದುಕೊಂಡು ಬರುತ್ತಿದ್ದವನನ್ನು ಪಕ್ಕದ ಮನೆಯ ಮುದುಕಿ ಟೆಟ್ಟ, ನೂಲುತ್ತಿದ್ದ ಕದಿರು ನಿಲ್ಲಿಸಿ, ನೋಡಿದಳು.

"ಏನೋ ಅದು, ಕಳ್ಳಬೆಕ್ಕಿನ ಹಾಗೆ ಹೋಗ್ತಿದ್ದೀಯ?"

"ಭುಜ ಉಳುಕಿದೆ ಅಜ್ಜಿ."

"ತಾನೇ ಉಳುಕ್ತೋ, ಯಾರಾದ್ರೂ ಉಳುಕಿಸಿದ್ರೋ? ಇರು, ಹಚ್ಚಿ ತಿಕ್ಕೋಕೆ ಹಂದಿಕೊಬ್ಬು ತರ್ತೀನಿ."

ಪುಣ್ಯಕ್ಕೆ ಲುಫು ಹೊಳೆಯಲ್ಲಿ ಉಣ್ಣೆ ತೊಳೆಯುತ್ತಿದ್ದಳು. ಸೀಬರ್ಟ ಉಳಿದ ಬಿಲ್ಲೆಯನ್ನೂ ಮುಷ್ಟಿಯಲ್ಲಿಟ್ಟುಕೊಂಡು ಕಂಚುಗಾರ ಹುನನ ಕುಲುಮೆಗೆ ಬಿದ್ದಂಬೀಳ ಓಡಿದ.

"ಇದರ ಅಚ್ಚು ತೆಗೆದು ಇಂಥದ್ದೇ ಇನ್ನೊಂದು ಎರೆದುಕೊಡು. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು."

"ಯಾರಿಗಪ್ಪಾ?"

"ನಿನಗ್ಯಾಕೆ?"

"ಯಾರಿಗೆ ಅಂತ ಹೇಳದಿದ್ರೆ ಬೆಂಕಿ ಹತ್ತೋದು ನಿಧಾನ."

"ಹೆಂಡ್ತಿಗೇ ಕಣಯ್ಯಾ!"

"ಬಂದೋರೆಲ್ಲ ಹಾಗೇ ಹೇಳ್ತಾರೆ," ಎಂದು ಹುನ ತಿದಿ ಒತ್ತಿದ.

ಅಚ್ಚು ಒಣಗುವಷ್ಟರಲ್ಲಿ ಸೀಬರ್ಟ ಹತ್ತು ಸಲ ಬಾಗಿಲಿಗೆ ಹೋಗಿ ಹೊತ್ತು ನೋಡಿದ. ಕೂಲಿಗೆ ಹುನ ಹೊದಿಕೆಯನ್ನೇ ಕಿತ್ತುಕೊಂಡ. "ಹೇಗೂ ಸಿಕ್ಕಿಸೋಕೆ ನಿನ್ನ ಹತ್ತಿರ ಏನೂ ಇಲ್ಲವಲ್ಲ!" ಹೊಸ ಬಿಲ್ಲೆ ಮದುಮಗನ ಮುಖದಂತೆ ಫಳಫಳಿಸುತ್ತಿತ್ತು. ದಾರಿಯುದ್ದಕ್ಕೂ ಬೂದಿ ಹಾಕಿ ಉಜ್ಜಿ ಉಜ್ಜಿ, ಯಾವುದು ಹಳೆಯದೆಂದು ತನಗೇ ಗೊತ್ತಾಗದಂತೆ ಮಾಡಿದ.

ಹೊದಿಕೆಯಿಲ್ಲದೆ ಚಳಿಗೆ ನಡುಗುತ್ತಾ ಮನೆಗೆ ಬಂದರೆ, ಉಳುಕಿದ ಭುಜ ನೋಡಲು ಟೆಟ್ಟಳ ಹಿಂದೆ ಅರ್ಧ ಊರಿನ ಹೆಂಗಸರು ಸೇರಿದ್ದರು. ಲುಫು ತೆರೆದ ಪೆಟ್ಟಿಗೆಯ ಮುಂದೆ ನಿಂತಿದ್ದಳು.

"ನನ್ನ ಬಿಲ್ಲೆ ಎಲ್ಲಿ?"

"ಎರಡೂ ಇಲ್ಲೇ ಇವೆ, ಮಾರಾಯ್ತಿ! ಪಿನ್ನು ಸಡಿಲವಾಗಿತ್ತು, ಬಿಗಿ ಮಾಡಿಸ್ಕೊಂಡು ಬಂದೆ." ಸೀಬರ್ಟ ಗತ್ತಿನಿಂದ ಅಂಗೈ ಚಾಚಿದ.

ಲುಫು ಎರಡನ್ನೂ ತಿರುವಿ ನೋಡಿದಳು. ಆಮೇಲೆ ತನ್ನ ಮುಷ್ಟಿ ಬಿಚ್ಚಿದಳು. ಅಲ್ಲೂ ಒಂದು ಬಿಲ್ಲೆ.

"ಇದು ಕೊಟ್ಟಿಗೆ ಬಾಗಿಲಲ್ಲಿ ಬಿದ್ದಿತ್ತು," ಎಂದಳು.

ಟೆಟ್ಟ ಮೂರನ್ನೂ ಬೆರಳು ಮಡಿಸಿ ಮತ್ತೆ ಎಣಿಸಿ, ಕೊಬ್ಬಿನ ಕುಡಿಕೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಒಂಟಿ ಬಿಲ್ಲೆ ಮಾಡಿಸ್ಕೊಳ್ಳೋ ಹೆಂಗಸನ್ನ ನಾನಂತೂ ಕಂಡಿಲ್ಲಮ್ಮ."

ಹೆಂಗಸರೆಲ್ಲ ಒಬ್ಬರ ಭುಜವನ್ನೊಬ್ಬರು ನೋಡತೊಡಗಿದರು. ಲುಫು ಸೊಂಟಕ್ಕೆ ಕೈಯಿಟ್ಟು ಗಂಡನ ಹತ್ತಿರ ಬಂದಳು.

"ಹೇಳು, ನಾಲ್ಕನೇದು ಯಾವಳ ಭುಜದ ಮೇಲಿದೆ?"