ಬಚ್ಚಲ ಮೂಲೆಯ ಎಂಟು ಕಾಲಿನವರು

ಪಾಠ ಹೇಳುವವರಿಗೆ ಒಂದು ಚಾಳಿ ಇರುತ್ತದೆ. ಕೇಳುವವರು ಇರಲಿ ಬಿಡಲಿ, ಹೇಳುತ್ತಲೇ ಇರುತ್ತೇವೆ. ನಾನು ಶಿರಸಿಯಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನು. ತೊಂಬತ್ತರ ದಶಕದಲ್ಲಿ ನನಗೆ ಹಿಡಿದ ಹುಚ್ಚು ಹಾರ್ವೆಸ್ಟ್‌ಮನ್ ಎಂಬ ಹುಳದ್ದು. ಬಚ್ಚಲ ಗೋಡೆಯ ಮೇಲೆ ಕೂದಲೆಳೆಯಂಥ ಎಂಟು ಕಾಲೂರಿ ನಿಂತಿರುತ್ತದಲ್ಲ, ಅದೇ. ಎಲ್ಲರೂ ಅದನ್ನು ಜೇಡ ಎನ್ನುತ್ತಾರೆ. ಪಾಪ, ಅದಕ್ಕೆ ಸೊಂಟವಿಲ್ಲ, ವಿಷವಿಲ್ಲ, ಬಲೆ ನೇಯಲೂ ಬಾರದು. ಅದರ ಒಂದು ಕುಟುಂಬ ನಮ್ಮ ಸೀಮೆಯಲ್ಲಿ ಎಲ್ಲೆಲ್ಲಿದೆ ಎಂದು ನಕ್ಷೆಯಲ್ಲಿ ಚುಕ್ಕೆ ಇಡುವುದು ನಾನೇ ಮೈಮೇಲೆ ಎಳೆದುಕೊಂಡ ಕೆಲಸ. ಸಿದ್ದಾಪುರದ ಹೇರೂರಿಗೆ ಮದುವೆ ಊಟಕ್ಕೆ ಹೋದವನು ಬಚ್ಚಲು ಹೊಕ್ಕು ಹೊರಗೆ ಬರಲೇ ಇಲ್ಲ. ಹೊಟ್ಟೆ ಕೆಟ್ಟಿದೆಯೆಂದು ಆ ಮನೆಯವರು ಪಾಯಸ ತಪ್ಪಿಸಿ ಕಷಾಯ ಕುಡಿಸಿದರು.

ಯಲ್ಲಾಪುರದ ಉಸ್ತುವಾರಿ ಅಲ್ಲಿಗೆ ಮದುವೆಯಾಗಿ ಹೋದ ಅಕ್ಕನದು. ಉಪ್ಪಿನಕಾಯಿ ಬಾಟಲಿಯಲ್ಲಿ ಹುಳ ತುಂಬಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದಳು. ಮುಟ್ಟಿದರೆ ಕಾಲು ಕಳಚಿ ಬಿಟ್ಟು ಓಡುವ ಜಾತಿ ಅದು. ಯಾವ ಕುಟುಂಬವೆಂದು ತಿಳಿಯಲು ಕಾಲ ತುದಿಯ ಉಗುರು ನೋಡಬೇಕು. ಶಿರಸಿ ಮುಟ್ಟುವಾಗ ಯಾರ ಕಾಲು ಯಾರದೆಂದು ಬ್ರಹ್ಮನಿಗೂ ಗೊತ್ತಾಗದು. ಫೋನಿನಲ್ಲಿ ರೇಗಿದರೆ, "ತಮಾ, ಕಾಲೆಲ್ಲ ಬಾಟ್ಲಿಯಲ್ಲೇ ಇದ್ದಲಾ, ನೀನೇ ಜೋಡ್ಸ್ಕ್ಯ" ಎಂದು ನಗುತ್ತಿದ್ದಳು. ಆಮೇಲೆ ಬಾಟಲಿ ಬರುವುದು ನಿಂತಿತು. ಅವಳಿಗೂ ಬೇಸರ ಬಂತೇನೋ ಎಂದುಕೊಂಡೆ.

ಒಂದು ಬೇಸಿಗೆಯಲ್ಲಿ ಅಕ್ಕ ಜ್ವರ ಬಂದು ತೀರಿಕೊಂಡಳು. ಸೂತಕ ಕಳೆಯುವ ಮೊದಲು ಅವಳ ಮನೆಯ ಜೇಡವನ್ನೆಲ್ಲ ಹೊಡೆಯಬೇಕೆಂದು ಪಕ್ಕದ ಮನೆಯ ಅತ್ತೆ ಉದ್ದ ಕೋಲಿಗೆ ಕಸಬರಿಗೆ ಕಟ್ಟಿ ನನ್ನ ಕೈಗಿತ್ತರು. ಬಚ್ಚಲ ಹಂಡೆಯ ಹಿಂದಿನ ಮೂಲೆಯಲ್ಲಿ ಅವು ಕಾಲಿಗೆ ಕಾಲು ಹೆಣೆದು ಗುಂಪಾಗಿ ಕುಳಿತಿದ್ದವು. ಸಾವಿನ ಮನೆಯೆಂಬುದನ್ನೂ ಮರೆತು ಪಾಠ ಶುರುಮಾಡಿದೆ: ಸೊಂಟವಿಲ್ಲ, ವಿಷವಿಲ್ಲ, ಬಲೆಯಿಲ್ಲ. ಅತ್ತೆ ತಾಳ್ಮೆಯಿಂದ ಕೇಳಿ, "ಎಂಟು ಕಾಲು ಇದ್ದಲಾ? ಹಂಗಾರೆ ಜೇಡ. ಹೊಡಿ" ಎಂದರು.

ಬಾಗಿಲಲ್ಲಿ ನಿಂತಿದ್ದ ಭಾವ ಬಂದು ಕೋಲು ಹಿಡಿದುಕೊಂಡರು. "ಹೊಡೆಯಡ ಮಾರಾಯ. ಆ ಮೂಲೆ ಗುಡ್ಸುಲೆ ನಿನ್ನಕ್ಕ ಯಾರಿಗೂ ಬಿಡ್ತಿತ್ತಿಲ್ಲೆ. ಹಿಡಿದ್ರೆ ಕಾಲು ಹೋಗ್ತು, ತಮ್ಮ ಬಂದೇ ನೋಡ್ಲಿ ಹೇಳಿ ಕಾಯ್ತಿತ್ತು."

ಶಿರಸಿಯಿಂದ ಬರೀ ಒಂದೂವರೆ ತಾಸಿನ ದಾರಿ. ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

ಅವು ಅದೇ ಕುಟುಂಬದವೇ ಎಂದು ತಿಳಿಯಲು ಒಂದನ್ನಾದರೂ ಹಿಡಿಯಬೇಕು. ನನಗೆ ಮನಸ್ಸು ಬರುವುದಿಲ್ಲ. ನಕ್ಷೆಯಲ್ಲಿ ಯಲ್ಲಾಪುರ ಖಾಲಿಯಾಗಿಯೇ ಇದೆ. ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಬಚ್ಚಲು ಹೊಕ್ಕರೆ ಹೊರಗೆ ಬರಲು ತಡವಾಗುತ್ತದೆ. ಕಣ್ಣೊರೆಸಿಕೊಂಡು ಬಂದರೆ, ಭಾವ ಕಷಾಯದ ಲೋಟ ಮುಂದಿಡುತ್ತಾರೆ.